ಹೊಟ್ಟೆಯ ಮೇಲೆ ಪ್ರೋಬ್ ಇಟ್ಟು ಕೊಲೈಟಿಸ್ ಅಳೆದ ಕಥೆ: ನನ್ನ ಅನುಭವ

ದೊಡ್ಡ ಕರುಳಿನ ಒಳಪದರ ಊದಿ ಹುಣ್ಣಾಗುವ ಅಲ್ಸರೇಟಿವ್ ಕೊಲೈಟಿಸ್‌ನ ರೋಗಿಗೆ ಕೊಟ್ಟ ಮದ್ದು ಹತ್ತುತ್ತಿದೆಯೋ ಇಲ್ಲವೋ ಎಂಬುದನ್ನು ಎರಡೇ ವಾರದಲ್ಲಿ, ಗುದದ್ವಾರದಿಂದ ಕ್ಯಾಮೆರಾ ನಳಿಕೆ ತೂರಿಸುವ ಕೊಲೊನೊಸ್ಕೋಪಿ ಇಲ್ಲದೆ, ಬರೀ ಅಲ್ಟ್ರಾಸೌಂಡ್‌ನಿಂದ ಹೇಳಬಹುದು ಎಂದಾಗ ಹುಬ್ಬಳ್ಳಿಯ ನನ್ನ ವೈದ್ಯಮಿತ್ರರು ನಕ್ಕಿದ್ದರು. ‘ಗಾಳಿ ತುಂಬಿದ ಕರುಳಿನಲ್ಲಿ ನಿಮಗೇನು ಕಾಣುತ್ತದೆ ಸಾಹೇಬರೇ?’ ಎಂದು ಹಿರಿಯ ರೇಡಿಯಾಲಜಿಸ್ಟರೊಬ್ಬರು ತುಂಬಿದ ಸಭೆಯಲ್ಲೇ ಕೇಳಿದರು. ಈಗ ಅವರೇ ರೋಗಿಗಳಿಗೆ ಚೀಟಿ ಬರೆದು ನಮ್ಮಲ್ಲಿಗೆ ಕಳುಹಿಸುತ್ತಾರೆ. ಇಷ್ಟೂ ಹೇಳಿಕೊಳ್ಳದಿದ್ದರೆ ಬರೆಯುವ ಸುಖವೇನು?

ವಿಧಾನವೇನೂ ನನ್ನ ಸೃಷ್ಟಿಯಲ್ಲ. ಜರ್ಮನಿಯ 42 ಕೇಂದ್ರಗಳಲ್ಲಿ 224 ರೋಗಿಗಳನ್ನು ನೋಡಿದ ಅಧ್ಯಯನ 2020ರಲ್ಲಿ ಅಚ್ಚಾಯಿತು. ಮದ್ದು ಶುರುವಾದ ಎರಡು ವಾರದೊಳಗೇ ಕರುಳಿನ ಗೋಡೆ ತೆಳುವಾಗತೊಡಗುತ್ತದೆ ಎಂದು ಅದು ತೋರಿಸಿತ್ತು. ಇಟಲಿಯ ಮಿಲಾನ್‌ನ ವೈದ್ಯರು ಕೊಟ್ಟ ಲೆಕ್ಕವೂ ಒಂದಿದೆ: ಮಿ.ಮೀ.ನಲ್ಲಿ ಗೋಡೆಯ ದಪ್ಪವನ್ನು 1.4ರಿಂದ ಗುಣಿಸಿ, ರಕ್ತದ ಓಟವನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್‌ನಲ್ಲಿ ಗೋಡೆಯೊಳಗೆ ಹರಿವು ಕಂಡರೆ 2 ಕೂಡಿಸಿ, 6.2 ದಾಟಿದರೆ ಉರಿಯೂತ ಇದೆಯೆಂದೇ ಅರ್ಥ. ಓದಿಗೆ ಇದು ಸಲೀಸು. ನಮ್ಮ ಕಡೆ ನಡೆಸುವುದಕ್ಕೆ ಹೊರಟಾಗ ಮೊದಲು ಎದುರಾದದ್ದು ಕಾಯ್ದೆ.

ಭ್ರೂಣದ ಲಿಂಗಪತ್ತೆ ತಡೆಯುವ ಪಿಸಿಪಿಎನ್‌ಡಿಟಿ ನಿಯಮದಂತೆ ಯಂತ್ರಕ್ಕೂ ಜಾಗಕ್ಕೂ ನೋಂದಣಿ ಬೇಕು, ಪ್ರೋಬ್ (ಹೊಟ್ಟೆಯ ಮೇಲಿಡುವ ಸ್ಕ್ಯಾನ್ ಹಿಡಿಕೆ) ಹಿಡಿಯುವವರಿಗೆ ನಿಗದಿತ ಅರ್ಹತೆಯೂ ಬೇಕು. ವಿದೇಶದಲ್ಲಿ ಮಾಡುವ ಹಾಗೆ ನನ್ನ ಕೋಣೆಯ ಮೂಲೆಯಲ್ಲೊಂದು ಯಂತ್ರ ನಿಲ್ಲಿಸಿಕೊಳ್ಳುವ ಆಸೆಯನ್ನು ಅಲ್ಲಿಗೇ ಬಿಟ್ಟೆ. ಅದೇ ಕಟ್ಟಡದಲ್ಲಿ ನೋಂದಾಯಿತ ಸ್ಕ್ಯಾನಿಂಗ್ ಕೇಂದ್ರ ನಡೆಸುವ ರೇಡಿಯಾಲಜಿಸ್ಟ್ ಒಬ್ಬರನ್ನು ಒಪ್ಪಿಸಿದೆ. ಪ್ರೋಬ್ ಅವರ ಕೈಯಲ್ಲಿ, ಪರದೆಯ ಮೇಲೆ ಕಣ್ಣು ಇಬ್ಬರದೂ.

ಅವರಲ್ಲಿದ್ದ ಹೊಟ್ಟೆಯ ಮಾಮೂಲಿ ಪ್ರೋಬ್‌ನಲ್ಲಿ 3 ಮಿ.ಮೀ. ಯಾವುದು, 4 ಮಿ.ಮೀ. ಯಾವುದು ಎಂದು ಎದೆ ತಟ್ಟಿ ಹೇಳುವಂತಿರಲಿಲ್ಲ. ಸರಿಯಿರುವ ಗೋಡೆಗೂ ಊದಿದ ಗೋಡೆಗೂ ಇರುವ ಆ ಒಂದು ಮಿಲಿಮೀಟರ್ ಮೇಲೆಯೇ ನಮ್ಮ ಇಡೀ ವ್ಯವಹಾರ ನಿಂತಿರುವುದು. ಹತ್ತಿರದ್ದನ್ನು ಸೂಕ್ಷ್ಮವಾಗಿ ತೋರಿಸುವ ಲೀನಿಯರ್ ಪ್ರೋಬ್ ಬೇಕಾಯಿತು. ಹೊಸದಕ್ಕೆ ಹೇಳಿದ ಬೆಲೆ ಕೇಳಿ ಸುಮ್ಮನಾಗಿ, ಬಳಸಿದ್ದೊಂದನ್ನು ಸುಮಾರು ಒಂದೂವರೆ ಲಕ್ಷಕ್ಕೆ ತರಿಸಿದೆವು. ಅರ್ಧ ನಾನು, ಅರ್ಧ ಅವರು. ಬಂದದ್ದರಲ್ಲಿ ಶಬ್ದತರಂಗ ಹೊಮ್ಮಿಸುವ ಕೆಲವು ಹರಳುಗಳು ಸತ್ತಿದ್ದವು, ಚಿತ್ರದ ನಟ್ಟನಡುವೆ ಕಪ್ಪು ಗೆರೆ. ಬದಲಿಸಿ ಕೊಡಲು ಮಾರಾಟಗಾರರು ತಿಂಗಳುಗಟ್ಟಲೆ ಸತಾಯಿಸಿದರು. ಒಂದು ಸ್ಕ್ಯಾನ್‌ಗೆ ಏಳುನೂರರ ಆಸುಪಾಸು ತೆಗೆದುಕೊಳ್ಳುತ್ತೇವೆ. ಹಾಕಿದ ದುಡ್ಡು ಎರಡನೆಯ ವರ್ಷದ ಕೊನೆಗೆ ಕೈಸೇರಿತು. ರೋಗಿಯ ಕಡೆಯಿಂದ ನೋಡಿ: ಕೊಲೊನೊಸ್ಕೋಪಿಗೆ ಐದಾರು ಸಾವಿರ, ಹಿಂದಿನ ರಾತ್ರಿಯಿಡೀ ಕರುಳು ತೊಳೆಯುವ ಪೆಗ್ ಎಂಬ ಔಷಧಿಯ ದ್ರಾವಣ ಕುಡಿದು ಒದ್ದಾಟ, ಜೊತೆಗೆ ಬಂದವರದೂ ಸೇರಿ ಎರಡು ದಿನದ ಕೂಲಿ ಖೋತಾ.

ಆರಂಭದ ತಿಂಗಳುಗಳಲ್ಲಿ ಅಳತೆಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಬೆಳಿಗ್ಗೆ 5 ಇದ್ದದ್ದು ಮಧ್ಯಾಹ್ನ 3.8. ಪ್ರೋಬ್ ಒತ್ತಿದಷ್ಟೂ ಗೋಡೆ ತೆಳುವಾಗುತ್ತದೆ, ಕರುಳು ಮಡಿಚಿಕೊಂಡ ಕಡೆ ಅಳೆದರೆ ದಪ್ಪವಾಗುತ್ತದೆ. ಉದ್ದಕ್ಕೆ ಎರಡು, ಅಡ್ಡಕ್ಕೆ ಎರಡು ಅಳತೆ, ನಾಲ್ಕರ ಸರಾಸರಿ, ಪ್ರತಿ ಸಲ ಅದೇ ಜಾಗ ಎಂದು ಕಟ್ಟುನಿಟ್ಟು ಮಾಡಿದ ಮೇಲೆ ಅಂಕಿಗಳು ಹದಕ್ಕೆ ಬಂದವು. ಎಡಗಡೆ ಇಲಿಯಾಕ್ ರಕ್ತನಾಳ ಹಿಡಿದು ಸಿಗ್ಮಾಯ್ಡ್ (ಗುದನಾಳಕ್ಕೆ ಮೊದಲಿನ ದೊಡ್ಡ ಕರುಳಿನ ತಿರುವು) ಹುಡುಕುವುದು ಈ ಕೆಲಸ ಮಾಡುವ ಎಲ್ಲರಿಗೂ ಗೊತ್ತಿರುವ ದಾರಿ. ಗಾಳಿ ಅಡ್ಡ ಬಂದಾಗ ರೋಗಿಯನ್ನು ಹೇಗೆ ಮಲಗಿಸಿ, ಯಾವಾಗ ಉಸಿರು ಬಿಡಿಸುತ್ತೇವೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಬಂದು ನೋಡಿದವರಿಗೆ ತೋರಿಸುತ್ತೇವೆ.

ನಂಬಿಕೆ ಬಲವಾದದ್ದು ಗದಗ ಕಡೆಯ ನೇಕಾರರೊಬ್ಬರಿಂದ. ಸ್ಟಿರಾಯ್ಡ್ ಇಳಿಸಿದೊಡನೆ ಮಲದಲ್ಲಿ ಮತ್ತೆ ರಕ್ತ. ಅವರ ಅರವತ್ತು ಕಿಲೋ ತೂಕಕ್ಕೆ ಉರಿಯೂತ ತಗ್ಗಿಸಲು ನರಕ್ಕೆ ಕೊಡುವ ಇನ್‌ಫ್ಲಿಕ್ಸಿಮ್ಯಾಬ್ ಎಂದರೆ ಸಲಕ್ಕೆ ಮೂರು ವಯಲ್ (ಶೀಶೆ). ಅದರ ಅಗ್ಗದ ತದ್ರೂಪವಾದ ಬಯೋಸಿಮಿಲರ್ ತೆಗೆದುಕೊಂಡರೂ ಅರ್ಧ ಲಕ್ಷ ದಾಟುತ್ತಿತ್ತು. ಟಿಬಿ ತಪಾಸಣೆ ಮುಗಿಸಿ, ರೋಗನಿರೋಧಕ ಶಕ್ತಿಯನ್ನು ಕುಗ್ಗಿಸಿ ಉರಿಯೂತ ಇಳಿಸುವ ಮಾತ್ರೆ ಟೊಫಾಸಿಟಿನಿಬ್ 10 ಮಿ.ಗ್ರಾಂ. ದಿನಕ್ಕೆರಡು ಸಲ ಶುರು ಮಾಡಿದೆ. ಆ ದಿನ ಗೋಡೆ 6 ಮಿ.ಮೀ., ಒಳಪದರ ಊದಿ ಬೆಳ್ಳಗೆ, ಡಾಪ್ಲರ್ ಹಾಕಿದರೆ ಗೋಡೆಯ ತುಂಬ ಕೆಂಪು ಚುಕ್ಕೆಗಳು; ಮಿಲಾನ್ ಲೆಕ್ಕ 10.4. ಎರಡು ವಾರಕ್ಕೆ ಬಂದವರು ‘ಏನೂ ಗುಣವಿಲ್ಲ, ಮಾತ್ರೆ ನಿಲ್ಲಿಸಿಬಿಡಿ’ ಎಂದರು. ಆಗಲೂ ದಿನಕ್ಕೆ ಐದಾರು ಸಲ ಹೋಗುತ್ತಿತ್ತು. ಪರದೆ ಮಾತ್ರ ಬೇರೆಯೇ ಹೇಳಿತು: ಗೋಡೆ 4ರ ಹತ್ತಿರ, ಕೆಂಪು ಚುಕ್ಕೆ ಒಂದೂ ಇಲ್ಲ. ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿ ಒಪ್ಪಿಸಿದೆ. ಎಂಟನೆಯ ವಾರ ಸಿಗ್ಮಾಯ್ಡ್‌ವರೆಗೆ ಕ್ಯಾಮೆರಾ ನಳಿಕೆ ಹಾಕಿ ನೋಡುವ ಸಿಗ್ಮಾಯ್ಡೋಸ್ಕೋಪಿಯಲ್ಲಿ ಉಳಿದಿದ್ದದ್ದು ತುಸು ಕೆಂಪು. ಇದರ ತಿರುಗುಮುರುಗೂ ಆಗಿದೆ. ‘ಆರಾಮಿದ್ದೇನೆ’ ಎಂದವರ ಗೋಡೆ ಕದಲದೆ ಇದ್ದದ್ದನ್ನು ಕಂಡು, ಮುಂದಿನ ದುಬಾರಿ ಡೋಸ್‌ಗೆ ಮೊದಲೇ ಮದ್ದು ಬದಲಿಸಿದ್ದೇವೆ.

ಇದರ ನಡುವೆ, ಕರುಳಿನಲ್ಲಿ ಉರಿಯೂತವಿದ್ದರೆ ಮಲದಲ್ಲಿ ಏರುವ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನನ್ನು ಅಳೆಯುವ ಹುಚ್ಚೂ ಹತ್ತಿತು. ಕೊಪ್ಪಳದಿಂದ ಏಪ್ರಿಲ್ ಬಿಸಿಲಿನಲ್ಲಿ ಬಸ್ಸಿನಲ್ಲಿ ಬರುವ ಮಲದ ಮಾದರಿಯನ್ನು ನಂಬುವುದು ಹೇಗೆ? ಒಂದೇ ಮಾದರಿಯನ್ನು ಎರಡು ಪಾಲು ಮಾಡಿ, ಒಂದನ್ನು ಫ್ರಿಜ್‌ನಲ್ಲಿ, ಇನ್ನೊಂದನ್ನು ಲ್ಯಾಬ್‌ನ ಕಿಟಕಿಯ ಬಳಿ ನಾಲ್ಕಾರು ದಿನ ಇಟ್ಟು ನೋಡಿದೆವು. ಕಿಟಕಿಯದು ಕಾಲು ಭಾಗದಷ್ಟು ಕಡಿಮೆ ತೋರಿಸಿತು. ಗ್ರಾಂ ಮಲಕ್ಕೆ 900 ಮೈಕ್ರೋಗ್ರಾಂ ಇದ್ದವರಿಗೆ ಇದರಿಂದ ನಷ್ಟವಿಲ್ಲ. ಉರಿಯೂತದ ಗಡಿಯೆಂದು ಹಿಡಿಯುವ 250ರ ಅಂಚಿನಲ್ಲಿರುವವರ ತೀರ್ಪೇ ತಲೆಕೆಳಗಾಗುತ್ತದೆ. ಗಟ್ಟಿ ಮಲವನ್ನು ದ್ರಾವಣದಲ್ಲಿ ಸರಿಯಾಗಿ ಕಲಕದಿದ್ದರೂ ಅಷ್ಟೇ. ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗುವ ಮಾತ್ರೆಗಳು ಅಂಕಿಯನ್ನು ಏರಿಸುತ್ತವೆ, ಕೇಳಿಯೇ ಮಾದರಿ ತೆಗೆದುಕೊಳ್ಳಿ. ಒಂದು ಪರೀಕ್ಷೆಗೆ ಮೂರು ಸಾವಿರದ ಹತ್ತಿರ ಆಗುತ್ತದೆ. ಹಾಗಾಗಿ ಸ್ಕ್ಯಾನ್‌ಗೂ ಲಕ್ಷಣಕ್ಕೂ ಹೊಂದಿಕೆಯಾಗದಿದ್ದಾಗ ಮಾತ್ರ ಬರೆಯುತ್ತೇನೆ.

ಕೈಕೊಡುವ ಜಾಗಗಳೂ ಇವೆ. ಗುದನಾಳ ಹೊಟ್ಟೆಯ ಮೇಲಿನಿಂದ ಸರಿಯಾಗಿ ಸಿಗುವುದಿಲ್ಲ, ಅಲ್ಲಿಗಷ್ಟೇ ಸೀಮಿತವಾದ ರೋಗಕ್ಕೆ ಈ ವಿಧಾನ ಬೇಡ. ಬೊಜ್ಜಿನ ಹೊಟ್ಟೆ ನಮ್ಮನ್ನು ಈಗಲೂ ಸೋಲಿಸುತ್ತದೆ. ಸೋಂಕಿನ ಭೇದಿಯಲ್ಲೂ ಗೋಡೆ ದಪ್ಪವಾಗುವುದರಿಂದ ಮೊದಲು ಮಲಪರೀಕ್ಷೆ ಮಾಡಿಸುತ್ತೇವೆ. ಸಣ್ಣ ಕರುಳಿನ ತುದಿಯಲ್ಲಿ ಇರುವುದು ಟಿಬಿಯೋ, ಕರುಳು ಊದಿ ಹುಣ್ಣಾಗುವ ಇನ್ನೊಂದು ದೀರ್ಘಕಾಲದ ರೋಗವಾದ ಕ್ರೋನ್ಸೋ ಎಂಬ ನಮ್ಮ ದೇಶದ ಹಳೆಯ ತಕರಾರಿಗೆ ಪ್ರೋಬ್ ಉತ್ತರ ಕೊಡುವುದಿಲ್ಲ. ನಡುವೆ ಕೊಳೆತಂತೆ ಕಾಣುವ ದುಗ್ಧರಸ ಗ್ರಂಥಿ (ಲಿಂಫ್ ನೋಡ್) ಸಿಕ್ಕರೆ ಟಿಬಿಯತ್ತ ವಾಲುತ್ತೇವೆ. ಸಿಗದಿದ್ದರೆ, ಬಯಾಪ್ಸಿಯೂ ಏನೂ ಹೇಳದಿದ್ದರೆ, ಎರಡು ತಿಂಗಳು ಟಿಬಿ ಮದ್ದು ಕೊಟ್ಟು ಹುಣ್ಣು ಮಾಗಿದೆಯೇ ಎಂದು ಕೊಲೊನೊಸ್ಕೋಪ್ ಹಾಕಿಯೇ ನೋಡುತ್ತೇವೆ.