ಮೊಣಕೈ ಸಂದಿಯಲ್ಲಿ ಹವಾಯಿ ಚಪ್ಪಲಿ

2024ರ ಆಗಸ್ಟಿನಲ್ಲಿ ಕಾರವಾರದ ಕಾಳಿ ನದಿಯ ಹಳೆ ಸೇತುವೆ ಕುಸಿದ ಮೇಲೆ ನಾನು ಆ ಕಡೆ ಕಯಾಕ್ ಇಳಿಸಲ್ಲ. ಇನ್ನೂ ಮೇಲಕ್ಕೆ ಹೋದರೆ ಇಳಿತದಲ್ಲಿ ಸೊಂಟದ ಮಟ್ಟ ನೀರು ಸಿಗುವ ಮರಳು ದಿಬ್ಬವಿದೆ. ಬ್ರೇಸ್ ಅಂದರೆ ವಾಲಿದ ಕಯಾಕ್ ಮಗುಚದಂತೆ ಪ್ಯಾಡಲನ್ನು (ಹುಟ್ಟನ್ನು) ನೀರಿಗೆ ಒತ್ತಿ ನೆಟ್ಟಗಾಗೋದು. ಅದರ ಅಭ್ಯಾಸ ಅಲ್ಲೇ. ಚಪ್ಪಲಿ ಹಿಡಿದು ಬಂದ ನನ್ನನ್ನು ನೋಡಿ ಗೆಳೆಯರು ನಕ್ಕರು, 'ಅದನ್ನ ಕಾಲಿಗೆ ಹಾಕ್ತಾರೆ ಮಾರಾಯಾ.' ಈ ಸಲ ಸುಮಾರು 40 ದಿನ ನೀರಿಗಿಳಿದೆ, ಭುಜ ನೋಯಲಿಲ್ಲ. ಈಗ ಅವರಲ್ಲೇ ಇಬ್ಬರು ಚಪ್ಪಲಿ ತರುತ್ತಾರೆ.

ಹಿಂದಿನ ವರ್ಷ ಮೊಣಕೈ ಪ್ಯಾಡಲಿಗಿಂತ ಮೇಲಿರುವ ಲೋ ಬ್ರೇಸ್ ಬೇಗ ಬಂತು, ಮೊಣಕೈ ಕೆಳಗಿರುವ ಹೈ ಬ್ರೇಸ್‌ನಲ್ಲಿ ಕೆಟ್ಟೆ. ದೋಣಿ ವಾಲಿದರೆ ಸಾಕು, ಕೈ ತಲೆಯ ಮೇಲೆ, ಅಲ್ಲಿಂದ ಬೆನ್ನ ಹಿಂದೆ. ಒಂದು ದಿನ ಸೆಳೆತಕ್ಕೆ ಪ್ಯಾಡಲ್ ಸಿಕ್ಕಿ ಬಲಭುಜ ಲಟಕ್ ಅಂತು. ಕೀಲು ತಪ್ಪಲಿಲ್ಲ, ಪುಣ್ಯ. ಎಂಆರ್‌ಐಗೆ 7 ಸಾವಿರ ಚಿಲ್ಲರೆ, ಫಿಸಿಯೋಗೆ ದಿನಕ್ಕೆ 500ರಂತೆ 12 ದಿನ. ಆ ದುಡ್ಡಿಗೆ ಒಳ್ಳೆ ಪ್ಯಾಡಲ್ ಬರ್ತಿತ್ತು ಅಲ್ವಾ?

ಮಾಡಿದ್ದಿಷ್ಟು. ಹಳೆ ಹವಾಯಿ ಚಪ್ಪಲಿಯನ್ನು ಮೊಣಕೈಗೂ ಪಕ್ಕೆಗೂ ನಡುವೆ ಒತ್ತಿಕೊಂಡೆ. ಮೊಣಕೈ ಎದ್ದರೆ ಚಪ್ಪಲಿ ಬಿತ್ತು, ಇಳಿತದ ಜೊತೆ ಅಳಿವೆ ಕಡೆ ಹೊರಟಿತು. ಅದು ಬೀಳದೆ ಇದ್ದರೆ ಕೈ ಗಲ್ಲ ದಾಟಲ್ಲ. ಆಗ ವಾಲಿದ ದೋಣಿ ನೆಟ್ಟಗೆ ಮಾಡೋಕೆ ಸೊಂಟ, ಮೊಣಕಾಲು ಬಿಟ್ಟರೆ ಗತಿಯಿಲ್ಲ. ಕಣ್ಣು ಮಾತ್ರ ಪ್ಯಾಡಲಿನ ತುದಿಯ ಮೇಲಿರಲಿ, ತಲೆ ತಾನಾಗಿ ಕೊನೆಗೆ ಏಳುತ್ತದೆ.

ನಡುವೆ ಬಲೆಯ ಬೆಂಡುಗಳನ್ನು ಪ್ಯಾಡಲಿಗೆ ಕಟ್ಟಿಯೂ ನೋಡಿದೆ. ಸುಖವಾಗಿತ್ತು, ಅದೇ ತಪ್ಪು. ಮೈಭಾರವೆಲ್ಲ ಅದರ ಮೇಲೆ ಹಾಕಿದೆ, ಮರುದಿನ ಅಂಗಿ ತೊಡೋಕೂ ಕೈ ಏಳಲಿಲ್ಲ. ಅದಕ್ಕಿಂತ ಕಯಾಕಿನಲ್ಲೇ ಕೂತು, ಲಂಗರು ಹಾಕಿದ ಪಾತಿದೋಣಿಯ ಅಂಚು ಹಿಡಿದು ಸೊಂಟ ತಿರುಗಿಸಿದ್ದೇ ಉಪಯೋಗವಾಯ್ತು, ದಿನಕ್ಕೆ ಒಂದೊಂದು ಬದಿ 50 ಸಲ. 'ಅಂಚು ಮುರೀಬೇಡ ತಮ್ಮಾ' ಅಂತ ದೋಣಿಯವರು ದಿನಾ ಬೈದರು, ದಿನಾ ಚಹಾ ಕುಡಿಸಿದೆ.

ಎಡಬದಿ ಬೇರೆಯೇ ತಕರಾರು ಮಾಡಿತು. ಅದಕ್ಕೆ ಕಂಡುಕೊಂಡ ಮದ್ದನ್ನು ಇಲ್ಲಿ ಬರೆಯಲ್ಲ, ದಿಬ್ಬಕ್ಕೆ ಬಂದರೆ ತೋರಿಸುತ್ತೇನೆ. ಬರುವಾಗ ಚಪ್ಪಲಿ ನೀವೇ ತನ್ನಿ. ನನ್ನ ಹತ್ತಿರ ಐದು ಉಳಿದಿವೆ, ಐದೂ ಎಡಗಾಲಿನವು.