ಗಾಡಿ ಕೊಟ್ಟಿಗೆಯ ಕುಲುಮೆಗೆ ಹೆಸರು ಬಂದ ಬಗೆ

ಬೇಲೂರಿನ ಸಮೀಪದ ನಮ್ಮೂರಿನ ಮನೆಯಲ್ಲಿ ಹಿಂದೆ ಎತ್ತಿನ ಗಾಡಿ ನಿಲ್ಲಿಸುತ್ತಿದ್ದ ಕೊಟ್ಟಿಗೆಯೊಂದಿದೆ. 2017ರಲ್ಲಿ ಅದನ್ನು ಖಾಲಿ ಮಾಡಿಸಿ ನಾನೊಂದು ಕುಲುಮೆ ಹೂಡಿದೆ. ಆಗ ನಾನು ಹಾಸನದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದೆನಾದ್ದರಿಂದ ಕಬ್ಬಿಣ ಕಾಯಿಸಿ ಬಡಿಯುವುದು ಶನಿವಾರ, ಭಾನುವಾರಗಳ ಹವ್ಯಾಸವಷ್ಟೇ ಆಗಿತ್ತು. ಕಾದ ಕಬ್ಬಿಣವನ್ನಿಟ್ಟು ಬಡಿಯುವ ಅಡಿಗಲ್ಲಿನ ಬದಲು ಮರದ ದಿಮ್ಮಿಗೆ ಬಿಗಿದ ರೈಲು ಹಳಿಯ ತುಂಡು, ತಿದಿಯ ಬದಲು ಕೈಯಿಂದ ತಿರುಗಿಸುವ ಬ್ಲೋವರ್, ಗುಜರಿಯಿಂದ ತಂದ ಲಾರಿಯ ಕಮಾನು ಪಟ್ಟಿ, ಎರಡು ಚೀಲ ಇದ್ದಿಲು, ಇಷ್ಟರಲ್ಲಿ ಕೆಲಸ ಆರಂಭವಾಯಿತು. ಮೊದಲ ಎರಡು ವರ್ಷ ಕುಲುಮೆಗೊಂದು ಹೆಸರು ಬೇಕೆಂಬ ಯೋಚನೆಯೇ ನನಗೆ ಬರಲಿಲ್ಲ.

ಆ ಯೋಚನೆ ಬಂದದ್ದು ಒಂದು ಮುಜುಗರದ ಸಂದರ್ಭದಲ್ಲಿ. ಮೂಡಿಗೆರೆಯ ಕಡೆ ಕಾಫಿ ತೋಟವಿರುವ ನಮ್ಮ ಭಾವ ನನ್ನಿಂದ ಮರದ ಕೊಂಬೆ ಸವರುವ ನಾಲ್ಕು ಮರಗಸಿ ಕತ್ತಿಗಳನ್ನು ಮಾಡಿಸಿಕೊಂಡು ಹೋಗಿದ್ದರು. ಒಂದು ವರ್ಷದ ಮೇಲೆ ಬಾಯಿ ಮುಕ್ಕಾದ ಕತ್ತಿಯೊಂದನ್ನು ತಂದು, "ಇದು ನೀವು ಕೊಟ್ಟಿದ್ದೋ ಸಂತೆಯಲ್ಲಿ ತಂದಿದ್ದೋ, ನನಗೇ ಗೊತ್ತಾಗ್ತಿಲ್ಲ" ಎಂದರು. ತಿರುಗಿಸಿ ನೋಡಿದರೆ ನನಗೂ ಗೊತ್ತಾಗಲಿಲ್ಲ. ನನ್ನದಾಗಿದ್ದರೆ ಹದ ಕೊಟ್ಟದ್ದರಲ್ಲಿ ತಪ್ಪಾಗಿದೆ ಎಂದು ತಿಳಿದು ತಿದ್ದಿಕೊಳ್ಳಬಹುದಿತ್ತು, ಅಲ್ಲವಾದರೆ ಚಿಂತೆಯಿರಲಿಲ್ಲ. ಮಾಡಿದ ವಸ್ತುವಿನ ಮೇಲೆ ಒಂದು ಗುರುತು ಬೇಕು ಎಂಬುದು ಅಂದು ಖಚಿತವಾಯಿತು, ಗುರುತು ಬೇಕೆಂದ ಮೇಲೆ ಹೆಸರೂ ಬೇಕಾಯಿತು.

ನನಗೆ ಕೆಲಸ ಕಲಿಸಿದ ಆಚಾರ್ರಿಗೆ ಇದೆಲ್ಲ ವಿಚಿತ್ರವಾಗಿ ಕಂಡಿತು. ನಮ್ಮ ಸೀಮೆಯ ಹಳ್ಳಿಗಳಲ್ಲಿ ಕುಲುಮೆಗೆ ಹೆಸರಿಡುವ ರೂಢಿ ಇರಲೇ ಇಲ್ಲ. ಊರಿಗೊಂದೇ ಕುಲುಮೆಯಿದ್ದಾಗ "ಆಚಾರ್ರ ಕುಲುಮೆ" ಎಂದರೆ ಸಾಕಿತ್ತು, ಪಕ್ಕದೂರಿನವರು ಅದಕ್ಕೆ ಊರಿನ ಹೆಸರು ಸೇರಿಸಿಕೊಳ್ಳುತ್ತಿದ್ದರು. ಬೋರ್ಡು ಬಂದದ್ದು ವೆಲ್ಡಿಂಗ್ ಮೆಷಿನ್ನು ಬಂದ ಮೇಲೆ, ಆಗಲೂ ಮನೆದೇವರಾದ ಕಾಳಿಕಾಂಬೆಯ ಹೆಸರಿಗೆ "ವರ್ಕ್ಸ್" ಸೇರಿಸಿದರೆ ಮುಗಿಯಿತು. ಗುರುತಿನ ಮಾತೆತ್ತಿದಾಗ ಅವರು, "ಕತ್ತಿಯ ಕತ್ತು ನೋಡಿದ್ರೆ ಯಾರ ಕೈಯದ್ದು ಅಂತ ತಿಳಿಯುತ್ತಲ್ಲ ಮೇಷ್ಟ್ರೇ" ಎಂದರು. ಅವರ ಮಟ್ಟಿಗೆ ಅದು ನಿಜವೇ. ಹಿಡಿಗೂ ಅಲಗಿಗೂ ನಡುವೆ ಅವರು ಕೊಡುವ ತಿರುವನ್ನು ನಾನು ಎಲ್ಲಿದ್ದರೂ ಗುರುತಿಸಬಲ್ಲೆ. ನನ್ನ ಕೈಗೆ ಅಂಥ ತಿರುವು ಇನ್ನೂ ಕೂತಿರಲಿಲ್ಲ, ಆದ್ದರಿಂದಲೇ ನನಗೆ ಅಕ್ಷರದ ಆಸರೆ ಬೇಕಾಗಿತ್ತು.

ಹೊರದೇಶಗಳಲ್ಲಿ ಹವ್ಯಾಸಿ ಕಮ್ಮಾರರು ಬಹಳ ಮಂದಿ. ಉತ್ತರ ಅಮೆರಿಕದಲ್ಲಿ ಕಲಾ ಕಮ್ಮಾರರ ಸಂಘವೇ 1973ರಿಂದ ಇದೆ. ಅಲ್ಲಿಯವರು ಮನೆತನದ ಹೆಸರು, ಬೀದಿಯ ಹೆಸರು, ಅಂಗಳದ ಮರ, ಸಾಕಿದ ನಾಯಿ, ಪುರಾಣದ ಕಮ್ಮಾರ ಹೀಗೆ ಎಲ್ಲವನ್ನೂ ಬಳಸುತ್ತಾರೆ, ಕೊನೆಗೊಂದು "ಫೋರ್ಜ್" ಸೇರಿಸುತ್ತಾರೆ. ಚಿಕ್ಕಮಗಳೂರಿನ ಗೆಳೆಯರೊಬ್ಬರು ಇದೇ ದಾರಿ ಹಿಡಿದು ಕರಿಮೆಣಸಿನ ಇಂಗ್ಲಿಷ್ ಹೆಸರನ್ನು ತಮ್ಮ ಕುಲುಮೆಗೆ ಇಟ್ಟರು. ಈಗ ಅವರಿಗೆ ಬರುವ ಫೋನುಗಳಲ್ಲಿ ಕತ್ತಿ ಕೇಳುವವರಿಗಿಂತ ಮೆಣಸಿನ ದರ ಕೇಳುವವರೇ ಹೆಚ್ಚು.

ನನ್ನ ಪಟ್ಟಿಯಲ್ಲಿ ಮೊದಲು ಬಂದ ಅಗ್ನಿ, ವಜ್ರ ಮುಂತಾದ ಹೆಸರುಗಳನ್ನು ಒಂದೇ ಸಂಜೆಯಲ್ಲಿ ಹೊಡೆದುಹಾಕಿದೆ, ಏಕೆಂದರೆ ಅವು ಗ್ಯಾಸ್ ಒಲೆಯಿಂದ ಕ್ಷಿಪಣಿಯವರೆಗೆ ಎಲ್ಲದಕ್ಕೂ ಆಗಿಹೋಗಿವೆ. ಹೊಯ್ಸಳ ಎಂಬುದನ್ನು ಮಗಳು ಸೂಚಿಸಿದಳು. ಹಾಸನ ಜಿಲ್ಲೆಯಲ್ಲಿ ಆ ಹೆಸರಿಟ್ಟರೆ ಲಾಡ್ಜೋ ಬೇಕರಿಯೋ ಬಾರೋ ಎಂದು ಜನ ಕೇಳುವುದು ಖಂಡಿತವಾದ್ದರಿಂದ ಅದನ್ನೂ ಬಿಟ್ಟೆ. ತರೀಕೆರೆಯ ಸ್ನೇಹಿತರು ಹೇಳಿದ "ಕೆಮ್ಮಣ್ಣು" ನನಗೆ ನಿಜಕ್ಕೂ ಹಿಡಿಸಿತ್ತು. ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಗೆ ಹೋಗಿ, 1923ರಲ್ಲಿ ಅಲ್ಲಿ ಕಬ್ಬಿಣ ಕರಗಿಸಲು ಆರಂಭಿಸಿದಾಗ ಕುಲುಮೆಗೆ ಉರುವಲಾದದ್ದು ನನ್ನ ಕುಲುಮೆಯಲ್ಲಿರುವಂಥದೇ ಇದ್ದಿಲು. ಆದರೆ ಆ ಪದದಲ್ಲಿ ಎರಡು ಒತ್ತಕ್ಷರಗಳಿವೆ, ಅದು ಏಕೆ ತೊಡಕೆಂಬುದನ್ನು ಮುಂದೆ ಹೇಳುತ್ತೇನೆ.

ಹೆಚ್ಚು ದಿನ ಕಾಡಿದ್ದು "ಉಕ್ಕು" ಎಂಬ ಹೆಸರು. ದಕ್ಷಿಣ ಭಾರತದಲ್ಲಿ ಮೂಸೆಯಲ್ಲಿ ಕರಗಿಸಿ ಮಾಡುತ್ತಿದ್ದ ಉತ್ಕೃಷ್ಟ ಉಕ್ಕನ್ನು ಪಾಶ್ಚಾತ್ಯರು "ವೂಟ್ಸ್" ಎಂದು ಕರೆದರು. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟ ಪ್ರಬಂಧದಲ್ಲಿ ಆ ಪದವಿದೆ, ಮತ್ತು ಅದು ನಮ್ಮ "ಉಕ್ಕು" ಪದದ ಅಪಭ್ರಂಶವೆಂದೇ ಸಾಮಾನ್ಯವಾಗಿ ಒಪ್ಪಲಾಗಿದೆ. ಜಗತ್ತಿನ ಕತ್ತಿ ತಯಾರಕರೆಲ್ಲ ಗೌರವದಿಂದ ಉಚ್ಚರಿಸುವ ಪದದ ಮೂಲರೂಪ ಕನ್ನಡಿಗನೊಬ್ಬನ ಕತ್ತಿಯ ಮೇಲಿದ್ದರೆ ಎಷ್ಟು ಚೆನ್ನ ಎಂದು ಹಿಗ್ಗಿದ್ದೂ ಉಂಟು. ಆದರೆ ನಾನು ಬಡಿಯುವುದು ಲಾರಿಯ ಕಮಾನು ಪಟ್ಟಿಯನ್ನು. ಅದರಲ್ಲಿ ಮೂಸೆಯ ಉಕ್ಕಿನ ಅಲೆಯಂಥ ಗೆರೆಗಳು ಇರುವುದಿಲ್ಲ, ಇರುವಂತೆ ಮಾಡಲು ನನಗೆ ಬರುವುದೂ ಇಲ್ಲ. ತಿಳಿದವರು ಆ ಹೆಸರನ್ನು ನೋಡಿ ಅಲಗನ್ನು ಬೆಳಕಿಗೆ ಹಿಡಿದು ಗೆರೆ ಹುಡುಕಿದರೆ ನಾನು ಏನು ಹೇಳಬೇಕು? ಹೆಸರು ವಸ್ತುವಿನಲ್ಲಿ ಇಲ್ಲದ ಗುಣವನ್ನು ಇದೆಯೆಂದು ಹೇಳಕೂಡದು ಎಂಬ ಕಟ್ಟುಪಾಡನ್ನು ಅಂದಿನಿಂದ ಹಾಕಿಕೊಂಡೆ.

ಅದಕ್ಕಿಂತ ಸೂಕ್ಷ್ಮವಾದ ಪ್ರಸಂಗ "ಓಜ" ಎಂಬ ಹೆಸರಿನದು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರ ಪೀಠಗಳಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣನ ಹೆಸರುಗಳಿವೆ. ಆ ಹೆಸರಿನ ಕೊನೆಯ "ಓಜ" ಎಂಬುದು "ಉಪಾಧ್ಯಾಯ" ಪದದ ತದ್ಭವ; ಹಳಗನ್ನಡದಲ್ಲಿ ಅದಕ್ಕೆ ಗುರು ಎಂಬ ಅರ್ಥವಿದೆ, ಶಾಸನಗಳಲ್ಲಿ ಕುಶಲಕರ್ಮಿಗಳ ಹೆಸರಿನ ತುದಿಯಲ್ಲಿ ಅದು ಮತ್ತೆ ಮತ್ತೆ ಕಾಣಿಸುತ್ತದೆ. ಪಾಠ ಹೇಳುವವನೂ ಸುತ್ತಿಗೆ ಹಿಡಿದವನೂ ಆದ ನನಗೆ ಇದಕ್ಕಿಂತ ಒಪ್ಪುವ ಹೆಸರಿಲ್ಲವೆಂದು ತೀರ್ಮಾನಿಸಿ, ಕಾಗದದಲ್ಲಿ ಬರೆದುಕೊಂಡು ಹೋಗಿ ಆಚಾರ್ರಿಗೆ ತೋರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಇಡಬಾರದು ಅಂತ ನಾನು ಹೇಳೋದಿಲ್ಲ ಮೇಷ್ಟ್ರೇ. ಆದ್ರೆ ಯಾರಾದ್ರೂ ಬಂದು ನೀವು ಯಾರ ಪೈಕಿ ಅಂತ ಕೇಳಿದ್ರೆ ಏನು ಹೇಳ್ತೀರಿ?" ಎಂದರು. ಪಂಚಾಳರ ಐದು ಕಸುಬುಗಳಲ್ಲಿ ಕಬ್ಬಿಣದ ಕೆಲಸ ಮನುವಿನ ಸಂತತಿಗೆ ಸೇರಿದ್ದೆಂಬ ಪರಂಪರೆಯಲ್ಲಿ ಹುಟ್ಟಿ, ಹೊಟ್ಟೆಪಾಡಿಗಾಗಿ ಐವತ್ತು ವರ್ಷ ಬೆಂಕಿಯ ಮುಂದೆ ಕೂತು, ಕೊನೆಗೆ ಕಾರ್ಖಾನೆಯ ಅಗ್ಗದ ಕತ್ತಿಗಳಿಂದಾಗಿ ಕುಲುಮೆ ಮುಚ್ಚಿದ ಮನುಷ್ಯ ಕೇಳಿದ ಪ್ರಶ್ನೆ ಅದು. ಸಂಬಳದ ಕೆಲಸವಿದ್ದು ವಾರಕ್ಕೆರಡು ದಿನ ಬಡಿಯುವ ನಾನು ಆ ಹೆಸರನ್ನು ತೊಟ್ಟುಕೊಳ್ಳುವುದು ಸಲ್ಲದೆಂದು ನನಗೆ ಅನ್ನಿಸಿತು. ಕಾಗದವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಬಂದೆ. ಇದರಲ್ಲಿ ಬೇರೆಯವರ ಅಭಿಪ್ರಾಯ ಬೇರೆಯಿರಬಹುದು. ನನಗಂತೂ ಆ ನಿರ್ಧಾರದ ಬಗ್ಗೆ ಮರುಯೋಚನೆ ಬಂದಿಲ್ಲ.

ಹೀಗೆ ಅರ್ಥದ ದಾರಿಯಲ್ಲಿ ಹೆಸರು ಸಿಗದಿದ್ದಾಗ ಅಚ್ಚಿನ ದಾರಿಯಲ್ಲಿ ಹುಡುಕತೊಡಗಿದೆ. ಕತ್ತಿಯ ಹಿಡಿಯ ಬಳಿ ಮುದ್ರೆಗೆ ಸಿಗುವ ಜಾಗ ಎಂಟರಿಂದ ಹತ್ತು ಮಿಲಿಮೀಟರ್ ಮಾತ್ರ. ಅಚ್ಚಿನ ಮುಖದಲ್ಲಿ ಅಕ್ಷರ ಉಬ್ಬಿ ನಿಲ್ಲಬೇಕಾದರೆ ಅದರ ಸುತ್ತಲಿನ ಉಕ್ಕನ್ನೆಲ್ಲ ಅರದಿಂದ ತೆಗೆಯಬೇಕು. ಹೊರಗಿನ ಅಂಚಿಗೆ ಅರ ತಲುಪುತ್ತದೆ, ಆದರೆ ಹೊಟ್ಟೆ ಮುಚ್ಚಿದ ಅಕ್ಷರಗಳ ಒಳಗೆ ತಲುಪುವುದಿಲ್ಲ. ಅಲ್ಲಿಗೆ ಬೇರೊಂದು ಸಣ್ಣ ಉಳಿ ಮಾಡಿ, ಅದರಿಂದ ಮೊದಲು ಗುಳಿ ಹೊಡೆದುಕೊಳ್ಳಬೇಕಾಗುತ್ತದೆ. ಒತ್ತಕ್ಷರಗಳ ಗತಿ ಇನ್ನೂ ಕಷ್ಟ. ಕಾದ ಕಬ್ಬಿಣದ ಮೇಲೆ ಕಟ್ಟುವ ಕರಿಯ ಹಕ್ಕಳೆ ಅವುಗಳ ಸಂದಿಯಲ್ಲಿ ಕೂತು, ಹತ್ತು ಮುದ್ರೆ ಒತ್ತುವಷ್ಟರಲ್ಲಿ ಅಕ್ಷರ ಬರಿಯ ಚುಕ್ಕೆಯಾಗುತ್ತದೆ. "ಕೆಮ್ಮಣ್ಣು" ಬಿಟ್ಟದ್ದು ಇದಕ್ಕಾಗಿ. ಯಗಚಿ ಹೊಳೆಯ ಹೆಸರಿನಲ್ಲಿ ಒತ್ತಕ್ಷರವೇ ಇಲ್ಲವೆಂದು ಅದನ್ನೂ ಪ್ರಯತ್ನಿಸಿದೆ, ಆದರೆ ಮೊದಲನೆಯ "ಯ"ಕಾರದ ಸುರುಳಿಯಲ್ಲೇ ಮೂರು ಭಾನುವಾರಗಳು ಹೋದವು.

ಆಗ ನೆನಪಾದವನು ರೂವಾರಿ ಮಲ್ಲಿತಮ್ಮ. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ 1196ರ ದೇವಾಲಯದಲ್ಲಿಯೂ ಮುಂದೆ ಸೋಮನಾಥಪುರದಲ್ಲಿಯೂ ಕೆಲಸ ಮಾಡಿದ ಈ ಶಿಲ್ಪಿ ತನ್ನ ರುಜುವನ್ನು ಎಷ್ಟೋ ಕಡೆ "ಮಲ್ಲಿ" ಎಂದೂ, ಬರಿಯ "ಮ" ಎಂದೂ ಮೊಟಕು ಮಾಡಿದ್ದಾನೆ. ಅಷ್ಟು ದೊಡ್ಡ ರೂವಾರಿಗೆ ಒಂದಕ್ಷರ ಸಾಕಾಗಿದ್ದರೆ ನನಗೂ ಸಾಕೆಂದು ವರ್ಣಮಾಲೆಯನ್ನು ಮುಂದಿಟ್ಟುಕೊಂಡು ಕೂತೆ. ಅರಕ್ಕೆ ಅತಿ ಸುಲಭವಾಗಿ ಒಗ್ಗುವ ಅಕ್ಷರ "ಗ". ಕೆಳಗೆ ತೆರೆದಿರುವುದರಿಂದ ದುಂಡು ಅರ ನೇರವಾಗಿ ಒಳಹೋಗುತ್ತದೆ, ಮೇಲೊಂದು ತಲೆಕಟ್ಟು ಉಳಿಸಿದರೆ ಮುಗಿಯಿತು. ಅಶೋಕನ ಬ್ರಾಹ್ಮಿಯಲ್ಲಿ ಈ ಅಕ್ಷರ ಎರಡು ಇಳಿಜಾರು ಗೀಟುಗಳಷ್ಟೇ ಆಗಿತ್ತು. ಎರಡು ಸಾವಿರ ವರ್ಷಗಳಲ್ಲಿ ಅದು ದುಂಡಗಾಗಿದೆ, ತಲೆಕಟ್ಟು ಪಡೆದಿದೆ, ಆದರೂ ಹೊಟ್ಟೆ ಮುಚ್ಚಿಕೊಂಡಿಲ್ಲ. ಅದರ ಆಕಾರ ಕುಲುಮೆಯ ಬಾಯಂತೆಯೇ ಇದೆ ಎಂಬುದನ್ನು ಮಗಳು ಆಮೇಲೆ ತೋರಿಸಿಕೊಟ್ಟಳು.

ಅಕ್ಷರ ಸಿಕ್ಕಿತು, ಹೆಸರು ಮಾತ್ರ ಇನ್ನೂ ಸಿಕ್ಕಿರಲಿಲ್ಲ ಎಂದುಕೊಂಡಿದ್ದೆ. ವಾಸ್ತವದಲ್ಲಿ ಅದು ಮೊದಲಿನಿಂದಲೂ ಇತ್ತು. ಗುದ್ದಲಿಗೆ ಮೊನೆ ಹಾಕಿಸಲು ಬರುವ ಊರಿನವರು "ಗಾಡಿ ಕೊಟ್ಟಿಗೆ ಹತ್ರ ಕೊಟ್ಟು ಬಂದಿದೀನಿ" ಎನ್ನುತ್ತಿದ್ದರು. ನಾನು ಅಲ್ಲಿ ಮೊದಲು ಕಾಯಿಸಿ ಬಡಿದ ಕಬ್ಬಿಣವೂ ನಮ್ಮ ಅಜ್ಜನ ಗಾಡಿಯ ಚಕ್ರಕ್ಕೆ ಕಟ್ಟಿದ್ದ ಪಟ್ಟಿಯೇ ಆಗಿತ್ತು. ಹೀಗಾಗಿ ಅದು "ಗಾಡಿಕೊಟ್ಟಿಗೆ ಕುಲುಮೆ" ಆಯಿತು. ಗಾಡಿಗೆ "ಗಾ" ಬೇಕಲ್ಲವೇ ಎಂದು ಆಚಾರ್ರು ಕೇಳಿದರು. ದೀರ್ಘ ಸೇರಿಸಿದರೆ ಅಚ್ಚು ಅಗಲವಾಗುತ್ತದೆ, ಅದರ ಬಾಲ ತೆಳುವಾಗಿ ಮುರಿಯುತ್ತದೆ ಎಂದಾಗ ಅವರು ನಕ್ಕು ಒಪ್ಪಿದರು.

ಹಳೆಯ ಆಕ್ಸಲ್ಲಿನ ತುಂಡಿನಲ್ಲಿ ಅಚ್ಚು ಕೊರೆದು, ಎಣ್ಣೆಯಲ್ಲಿ ಅದ್ದಿ ಗಡಸು ಮಾಡಿ, ಸ್ವಲ್ಪ ಮರುಕಾಯಿಸಿ ಹದಕ್ಕೆ ತಂದೆ. ವಸ್ತು ಕಿತ್ತಳೆ ಬಣ್ಣಕ್ಕೆ ಕಾದಿರುವಾಗ ಒಂದೇ ಪೆಟ್ಟಿನಲ್ಲಿ ಮುದ್ರೆ ಒತ್ತಬೇಕು, ಎರಡನೆಯ ಪೆಟ್ಟು ಕೊಟ್ಟರೆ ಅಕ್ಷರ ಜೋಡಿಯಾಗುತ್ತದೆ. ಕತ್ತಿಗೆ ನೀರು ಕುಡಿಸುವುದಕ್ಕೆ ಮೊದಲೇ, ಬಾಯಿಯಿಂದ ದೂರ, ಹಿಡಿಯ ಬಳಿ ಒತ್ತುವುದು ಕ್ಷೇಮ. ಗಡಸಾದ ಭಾಗದಲ್ಲಿ ಆಳವಾದ ಗುರುತಿದ್ದರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಒಂದೆರಡು ಮುದ್ರೆಗೊಮ್ಮೆ ಅಚ್ಚನ್ನು ತಣಿಸದಿದ್ದರೆ ಅದರದೇ ಹದ ಇಳಿದುಹೋಗುತ್ತದೆ. ಇದನ್ನೆಲ್ಲ ಎಚ್ಚರಿಕೆಯಿಂದ ಪಾಲಿಸಿದ ನಾನು ಅಚ್ಚಿನಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರಬೇಕೆಂಬುದನ್ನೇ ಮರೆತಿದ್ದೆ. ಬೆಳಕಿನ ಪ್ರತಿಫಲನವನ್ನು ಇಪ್ಪತ್ತು ವರ್ಷ ಪಾಠ ಮಾಡಿದವನಿಗೆ ಇದು ತಿಳಿದದ್ದು ಆರು ಕೊಕ್ಕೆಗಳ ಮೇಲೆ ಮುದ್ರೆ ಒತ್ತಿದ ಮೇಲೆ. ಅಕ್ಷರದ ಎರಡು ಕಾಲುಗಳೂ ಒಂದೇ ರೀತಿ ಇರುವುದರಿಂದ ತಲೆಕಟ್ಟಿನ ಕೊಂಡಿ ಮಾತ್ರ ಎಡಕ್ಕೆ ಹೋಗಿತ್ತು. ಎರಡನೆಯ ಅಚ್ಚನ್ನು ಮೊದಲು ಜೇಡಿಮಣ್ಣಿಗೆ ಒತ್ತಿ ನೋಡಿ ಆಮೇಲೆ ಗಡಸು ಮಾಡಿದೆ.

ಹೆಸರನ್ನು ನೋಂದಾಯಿಸುವ ಗೋಜಿಗೆ ನಾನು ಹೋಗಿಲ್ಲ. ಮಾರಾಟವನ್ನೇ ಉದ್ದೇಶವಾಗಿಟ್ಟುಕೊಂಡವರು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಡಿ ಕೈ ಉಪಕರಣಗಳ 8ನೇ ವರ್ಗದಲ್ಲಿ ಅದೇ ಹೆಸರು ಬೇರೆಯವರದಾಗಿದೆಯೇ ಎಂದು ಮೊದಲೇ ಹುಡುಕಿ ನೋಡುವುದು ಒಳ್ಳೆಯದು. ಬರಿಯ ಊರಿನ ಹೆಸರನ್ನೋ ವಸ್ತುವಿನ ಹೆಸರನ್ನೋ ಇಟ್ಟು ನೋಂದಣಿಗೆ ಹೋದರೆ ಅದು ಸಾಮಾನ್ಯವಾಗಿ ಸಿಗುವುದಿಲ್ಲವೆಂಬುದೂ ನೆನಪಿರಲಿ.

ಕೊಟ್ಟಿಗೆಯ ಮುಂದೆ ಬೋರ್ಡು ಹಾಕಿಲ್ಲ. ಭಾವನವರ ತೋಟದ ಕತ್ತಿಗಳ ಮೇಲೆ ಈಗ "ಗ" ಇದೆ, ಕಳೆದ ಮಳೆಗಾಲದಲ್ಲಿ ಅವುಗಳಲ್ಲೊಂದು ಮುಕ್ಕಾಗಿ ಬಂದಾಗ ಅದು ನನ್ನದೇ ಎಂದು ಇಬ್ಬರಿಗೂ ಗೊತ್ತಾಯಿತು. ತಿರುಗುಮುರುಗಾದ ಆರು ಕೊಕ್ಕೆಗಳಲ್ಲಿ ಐದು ನಮ್ಮ ಅಡುಗೆಮನೆಯಲ್ಲಿವೆ. ಆರನೆಯದನ್ನು ಆಚಾರ್ರು ಕೇಳಿ ತೆಗೆದುಕೊಂಡು ಹೋಗಿ, ತಮ್ಮ ಮುಚ್ಚಿದ ಕುಲುಮೆಯ ತೊಲೆಗೆ ಹೊಡೆದು, ಅದಕ್ಕೆ ಲಾಟೀನು ನೇತುಹಾಕಿದ್ದಾರೆ.