ಕಲ್ಲಿದ್ದಲು ಸ್ಟೌವ್ ಹೊಸದಾಗಿ ಹಚ್ಚುವವರಿಗೆ

ಅಮೆರಿಕದ ಪೆನ್ಸಿಲ್ವೇನಿಯಾ ಕಡೆ ಹಳೇ ಮನೆ ತಗೊಂಡು, ಈ ಚಳಿಗಾಲಕ್ಕೆ ಮನೆ ಬೆಚ್ಚಗಿಡಲು ಕಲ್ಲಿದ್ದಲು ಹಚ್ಚೋಣ ಅಂತಿದ್ದೀರಾ? ಮೊದಲು ಸ್ಟೌವ್ ನೋಡಿ. ಸೌದೆಗಷ್ಟೇ ಮಾಡಿದ್ದಾದರೆ ಕಲ್ಲಿದ್ದಲು ಹಾಕಲೇಬೇಡಿ. ಅಲ್ಲಿ ಸಿಗುವುದು ಆಂಥ್ರಸೈಟ್ ಅನ್ನುವ ಗಟ್ಟಿ ಕಲ್ಲಿದ್ದಲು. ಹೊಗೆ ಕಡಿಮೆ, ಆದರೆ ಬೇಗ ಹೊತ್ತಿಕೊಳ್ಳುವುದಿಲ್ಲ. ಕೈಯಲ್ಲಿ ತುಂಬುವ ಸ್ಟೌವ್‌ಗೆ ಸಾಮಾನ್ಯವಾಗಿ ‘ನಟ್’ ಗಾತ್ರದ್ದು. ‘ರೈಸ್’ ಅನ್ನುವ ಸಣ್ಣದು ತಾನೇ ತುಂಬಿಕೊಳ್ಳುವ ಸ್ಟೋಕರ್‌ಗೆ.

ಒಣ ಸೌದೆ ಉರಿಸಿ ಒಳ್ಳೇ ಕೆಂಡ ಮಾಡಿಕೊಳ್ಳಿ. ಅದರ ಮೇಲೆ ತೆಳ್ಳಗೆ ಕಲ್ಲಿದ್ದಲು ಹರಡಿ, ಕೆಳಗಿನ ಗಾಳಿಕಿಂಡಿ ತೆರೆದು ಸುಮ್ನೆ ಕಾಯಿರಿ. ಚಟಪಟ ಸದ್ದಾಗಿ ಸಣ್ಣ ನೀಲಿ ಜ್ವಾಲೆ ಎದ್ದರೆ ಹಿಡಿಯಿತು ಅಂತ. ಆಮೇಲೆ ಕಲ್ಲಿದ್ದಲನ್ನು ಸ್ವಲ್ಪ ಸ್ವಲ್ಪವೇ ಏರಿಸಿ. ಒಂದು ಮೂಲೆಯಲ್ಲಿ ಕೆಂಡ ಕಾಣುವಂತೆ ಬಿಡಿ. ಪೂರ್ತಿ ಮುಚ್ಚಿದರೆ ಒಳಗೆ ಸೇರಿದ ಗ್ಯಾಸ್ ಡಬ್ ಅಂತ ಹೊತ್ತಿಕೊಳ್ಳಬಹುದು.

ನಮ್ಮವರಿಗೆ ಬೆಂಕಿ ಕಂಡರೆ ಕೆದಕುವ ಚಟ ಅಲ್ವಾ? ಇಲ್ಲಿ ಮೇಲಿಂದ ಕೆದಕಿದರೆ ಬೆಂಕಿ ಆರಿಹೋಗುತ್ತದೆ. ಕೆಳಗಿನ ಜಾಲರಿ ಅಲ್ಲಾಡಿಸಿ. ಬೂದಿ ತಟ್ಟೆಗೆ ಕೆಂಪು ಚೂರು ಬೀಳತೊಡಗಿದರೆ ಸಾಕು, ನಿಲ್ಲಿಸಿ. ಬೂದಿಯನ್ನು ಮುಚ್ಚಳವಿರುವ ಕಬ್ಬಿಣದ ಬಕೆಟ್‌ಗೆ ಹಾಕಿ ಹೊರಗಿಡಿ.

ಚಿಮಣಿ ಮೊದಲೇ ಪರೀಕ್ಷೆ ಮಾಡಿಸಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಹಾಗಾಗಿ ಮಲಗುವ ಕೋಣೆಗಳ ಹತ್ತಿರ ಅದರ ಅಲಾರಂ ಹಾಕಿಸದೆ ಕಡ್ಡಿ ಗೀರಬೇಡಿ.